ಏಳನೆಯ ಚಿತ್ರದ ಅಂಚಿನ ಕೈ

ಪ್ರಶ್ನೆ: ನಾನು ಸಾಗರದ ಹತ್ತಿರದ ಹಳ್ಳಿಯವನು, ಶಿವಮೊಗ್ಗದಲ್ಲಿ ಕೆಲಸಕ್ಕಿದ್ದೇನೆ. ಒಂದು ವರ್ಷದಿಂದ ಭಾನುವಾರಗಳಂದು ಗಾಂಧಿ ಬಜಾರ್, ದುರ್ಗಿಗುಡಿ, ಖಾಸಗಿ ಬಸ್ ನಿಲ್ದಾಣ ಎಂದು ಸುತ್ತಾಡಿ ಮೊಬೈಲಿನಲ್ಲಿ ಬೀದಿಯ ಚಿತ್ರಗಳನ್ನು ತೆಗೆಯುತ್ತಿದ್ದೇನೆ. ಬೀದಿ ಛಾಯಾಗ್ರಹಣ ತಾಳ್ಮೆ ಕಲಿಸುತ್ತದೆ, ಕೃತಜ್ಞತೆ ಕಲಿಸುತ್ತದೆ, ಬದುಕಿನ ಪಾಠಗಳೆಲ್ಲ ಅಲ್ಲೇ ಇವೆ ಎಂದು ಎಲ್ಲೆಡೆ ಓದುತ್ತೇನೆ. ನಾಲ್ಕು ಸಾವಿರ ಚಿತ್ರ ತೆಗೆದ ಮೇಲೂ ನನಗೆ ಯಾವ ಪಾಠವೂ ಸಿಕ್ಕಿಲ್ಲ. ಅಪ್ಪ ‘ಬೀದಿ ಅಲೆಯುವುದರ ಬದಲು ಅಡಿಕೆ ಸುಲಿಯುವುದನ್ನಾದರೂ ಕಲಿ’ ಎನ್ನುತ್ತಾರೆ. ಹನ್ನೆರಡು ಚಿತ್ರಗಳನ್ನು ಕಳುಹಿಸಿದ್ದೇನೆ. ಏಳನೆಯದು ಕೆಟ್ಟಿದೆ, ಲೆಕ್ಕ ತುಂಬಲೆಂದು ಸೇರಿಸಿದೆ, ಕ್ಷಮಿಸಿ. ನಾನು ಎಲ್ಲಿ ತಪ್ಪುತ್ತಿದ್ದೇನೆ ಮೇಡಂ?

ಉತ್ತರ: ನಿಮ್ಮ ಅಪ್ಪನ ಮಾತಿನಲ್ಲಿ ನ್ಯಾಯವಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಚಿತ್ರಗಳನ್ನು ನೋಡೋಣ.

ಹನ್ನೆರಡನ್ನೂ ಅಂಚೆ ಕಾರ್ಡಿನ ಅಳತೆಯಲ್ಲಿ ಮುದ್ರಿಸಿ ಮೇಜಿನ ಮೇಲೆ ಹರಡಿಕೊಂಡೆ. ಪರದೆಯ ಮೇಲೆ ಬೆರಳಿನಿಂದ ಸರಿಸಿದ ಚಿತ್ರವನ್ನು ನಾನು ನೋಡಿದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಸ್ಟುಡಿಯೋದವರ ಹಟ ಎಂದುಕೊಳ್ಳಿ. ನಾಲ್ಕು ಸುಕ್ಕುಗಟ್ಟಿದ ಮುಖಗಳು, ನಾಲ್ಕೂ ಕಪ್ಪು ಬಿಳುಪು. ಇಬ್ಬರು ಭಿಕ್ಷೆ ಬೇಡುವವರು. ಬಲೂನು ಮಾರುವ ಒಬ್ಬ ಹುಡುಗ, ಅಲ್ಲಿ ಬಲೂನಿಗೆ ಮಾತ್ರ ಬಣ್ಣ ಉಳಿಸಿದ್ದೀರಿ. ಪ್ರತಿಯೊಂದರ ಕೆಳಗೂ ಒಂದು ಶೀರ್ಷಿಕೆ: ‘ಅನುಭವ’, ‘ಹಸಿವು’, ‘ಕನಸು’. ಗಾಂಧಿ ಬಜಾರಿನ ಹೂ ಮಾರುವಾಕೆಯ ಚಿತ್ರಕ್ಕೆ ‘ಇದ್ದುದರಲ್ಲೇ ಸುಖ’.

ಆಕೆ ಸುಖವಾಗಿದ್ದಳೆಂದು ನಿಮಗೆ ಹೇಳಿದವರು ಯಾರು? ಚಿತ್ರವನ್ನೇ ಕೇಳೋಣ. ಹಿಂದಿನ ಅಂಗಡಿಯ ದೀಪ ಹತ್ತಿದೆ, ಪಕ್ಕದ ಅಂಗಡಿಯ ಶಟರ್ ಅರ್ಧ ಇಳಿದಿದೆ, ಆಕೆಯ ಬುಟ್ಟಿಯಲ್ಲಿ ಇನ್ನೂ ಎಂಟು ಹತ್ತು ಮಾರು ಸೇವಂತಿಗೆ ಇದೆ. ಅಂದರೆ ಹೊತ್ತು ಮೀರಿದೆ, ಮಾಲು ಉಳಿದಿದೆ, ನಾಳೆಗೆ ಅದು ಬಾಡುತ್ತದೆ. ತುಟಿಯ ಮೇಲಿನ ನಗು ನಿಮಗಲ್ಲ, ನಿಮ್ಮ ಹಿಂದೆ ಬರುತ್ತಿದ್ದ ಯಾವುದೋ ಗಿರಾಕಿಗೆ. ಕಣ್ಣು ಯಾವ ಕಡೆಗಿದೆ ನೋಡಿ. ಇಷ್ಟೆಲ್ಲ ನೀವೇ ತೆಗೆದ ಚಿತ್ರದಲ್ಲಿದೆ, ನಿಮಗೆ ಮಾತ್ರ ಕಂಡಿಲ್ಲ. ಮನೆಯಿಂದ ಹೊರಡುವಾಗಲೇ ಪಾಠವನ್ನು ಜೇಬಿನಲ್ಲಿಟ್ಟುಕೊಂಡು ಹೊರಟಿದ್ದಿರಿ. ಅದನ್ನು ಅಂಟಿಸಲು ಒಂದು ಮುಖ ಬೇಕಿತ್ತು, ಆಕೆಯ ಮುಖ ಸಿಕ್ಕಿತು.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೇಶವೆಲ್ಲ ತಿರುಗಿ ಸಾಮಾನ್ಯ ಜನರನ್ನು, ಅದರಲ್ಲೂ ಮಕ್ಕಳನ್ನು ಚಿತ್ರಿಸಿದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳನ್ನು ಹುಡುಕಿ ನೋಡಿ. ಅಲ್ಲಿನ ಮಕ್ಕಳು ಯಾವುದಕ್ಕೂ ಉದಾಹರಣೆಯಾಗಿ ನಿಂತವರಲ್ಲ, ತಮ್ಮ ಪಾಡಿಗೆ ತಾವು ಆಟದಲ್ಲಿ ಮುಳುಗಿದವರು.

ಈಗ ಏಳನೆಯ ಚಿತ್ರ. ಖಾಸಗಿ ಬಸ್ ನಿಲ್ದಾಣ, ಸಣ್ಣ ಮಳೆ. ನಡುವಯಸ್ಸಿನ ಒಬ್ಬ ಮನುಷ್ಯ ಕೊಡೆಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡು, ಎರಡೂ ಕೈ ಬಿಡುವು ಮಾಡಿಕೊಂಡು, ನೋಟು ಎಣಿಸುತ್ತಿದ್ದಾನೆ. ಚೌಕಟ್ಟಿನ ಎಡ ಅಂಚಿನಲ್ಲಿ, ಮಣಿಕಟ್ಟಿನವರೆಗೆ ಮಾತ್ರ, ಒಂದು ಮಗುವಿನ ಕೈ ಅವನ ಅಂಗಿಯ ಚುಂಗನ್ನು ಹಿಡಿದಿದೆ. ಮಗು ಚಿತ್ರದೊಳಗಿಲ್ಲ. ‘ಕೈ ಕತ್ತರಿಸಿಹೋಗಿದೆ, ಹಾಳಾಯಿತು’ ಎಂದು ಬರೆದಿದ್ದೀರಿ. ನನ್ನ ಕಣ್ಣಿಗೆ ಹನ್ನೆರಡರಲ್ಲಿ ಚಿತ್ರವೆಂದರೆ ಇದೊಂದೇ. ಅವನು ಆ ಕೈಯನ್ನು ನೋಡುತ್ತಿಲ್ಲ. ಆದರೆ ಅಂಗಿ ಎಳೆದ ಕಡೆಗೆ ಅವನ ಭುಜ ಒಂದಿಷ್ಟು ಬಾಗಿದೆ. ಆ ಎಳೆತ ಅವನಿಗೆ ರೂಢಿಯಾದದ್ದು, ಉಸಿರಾಟದಷ್ಟೇ. ದುಡ್ಡು ಸಾಲುತ್ತದೆಯೇ ಎಂದು ಅವನು ಎಷ್ಟನೆಯ ಸಲ ಎಣಿಸುತ್ತಿದ್ದನೋ ತಿಳಿಯದು. ಮಗು ಪೂರ್ತಿ ಕಂಡಿದ್ದರೆ ನಾವು ಮಗುವಿನ ಮುಖ ನೋಡಿ ಮುದ್ದುಗರೆದು ಮುಂದೆ ಹೋಗುತ್ತಿದ್ದೆವು. ಇಲ್ಲಿ ಕೈ ಮಾತ್ರ ಇರುವುದರಿಂದ ಕಣ್ಣು ಅಲ್ಲೇ ನಿಲ್ಲುತ್ತದೆ.

‘ಇದನ್ನು ನಾನು ಉದ್ದೇಶಪಟ್ಟು ತೆಗೆದದ್ದಲ್ಲವಲ್ಲ’ ಎನ್ನಬಹುದು. ಫ್ರಾನ್ಸಿನ ಛಾಯಾಗ್ರಾಹಕ ಆಂರಿ ಕಾರ್ತಿಯೇ ಬ್ರೆಸೋನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಾಜಾರ್ ರೈಲು ನಿಲ್ದಾಣದ ಹಿಂದೆ, ನಿಂತ ನೀರನ್ನು ಹಾರಿ ದಾಟುತ್ತಿದ್ದ ಮನುಷ್ಯನನ್ನು ತೆಗೆದರು. ಬೀದಿ ಛಾಯಾಗ್ರಹಣದ ಮಾತು ಬಂದಲ್ಲೆಲ್ಲ ಆ ಚಿತ್ರ ಬರುತ್ತದೆ. ಬೇಲಿಯ ಸಂದಿನಲ್ಲಿ ಲೆನ್ಸ್ ಇಟ್ಟು ತೆಗೆದದ್ದು ಅದು. ಆ ಸಂದು ಲೆನ್ಸಿಗೆ ಸಾಲದೆ ಒಂದು ಬದಿ ಅಡ್ಡಬಂದು, ಆಮೇಲೆ ಕತ್ತರಿಸಬೇಕಾಯಿತು. ತೆಗೆದ ಚಿತ್ರವನ್ನು ಕತ್ತರಿಸಬಾರದೆಂದು ಹಟ ಹಿಡಿದಿದ್ದವರ ಅತ್ಯಂತ ಪ್ರಸಿದ್ಧ ಚಿತ್ರದ ಕಥೆ ಇದು. ಆಕಸ್ಮಿಕವಾಗಿ ಸಿಕ್ಕಿದ್ದು ನಮ್ಮದಲ್ಲ ಎಂಬ ಮರ್ಯಾದೆ ಈ ಕಸುಬಿಗೆ ಹೊಂದುವುದಿಲ್ಲ. ಸಿಕ್ಕಿದ್ದನ್ನು ಗುರುತಿಸುವುದೇ ಕೆಲಸದ ಅರ್ಧ ಭಾಗ. ನೀವು ಗುರುತಿಸಲಿಲ್ಲ, ಅಷ್ಟೇ.

ಇಷ್ಟು ಕಟುವಾಗಿ ಬರೆಯಲು ನನಗೆ ಹಕ್ಕಿದೆ ಎಂದುಕೊಂಡಿದ್ದೇನೆ, ಏಕೆಂದರೆ ಶೀರ್ಷಿಕೆಯ ಚಟ ನನಗೂ ಇತ್ತು.

1994ರ ಮಾತು. ಅಪ್ಪನ ಸ್ಟುಡಿಯೋ ನನ್ನ ಕೈಗೆ ಬಂದು ಎರಡು ವರ್ಷವಾಗಿತ್ತು. ಪಾಸ್‌ಪೋರ್ಟ್ ಅಳತೆಯ ಫೋಟೋ, ಮದುವೆ, ನಾಮಕರಣಗಳ ನಡುವೆ ಬಿಡುವಾದಾಗ ಅಡಿಕೆ ಮಂಡಿಗಳ ಕಡೆ ಹೋಗುತ್ತಿದ್ದೆ. ಒಂದು ಬೆಳಗ್ಗೆ ತಗಡಿನ ಮಾಡಿನ ತೂತಿನಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಅಡಿಕೆಯ ದೂಳು ಏಳುತ್ತಿತ್ತು. ಬೆನ್ನ ಮೇಲೆ ಚೀಲ ಹೊತ್ತ ಹಮಾಲಿಯೊಬ್ಬ ಆ ಬೆಳಕನ್ನು ಹಾದುಹೋದ. ಆರು ಸಲ ಕ್ಲಿಕ್ಕಿಸಿದೆ. ಅದರಲ್ಲೊಂದನ್ನು 16 ಅಂಗುಲ ಅಗಲ, 20 ಅಂಗುಲ ಎತ್ತರಕ್ಕೆ ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ, ಬೀದಿಗೆ ಕಾಣುವಂತೆ ಸ್ಟುಡಿಯೋದ ಗಾಜಿನ ಹಿಂದೆ ಇಟ್ಟೆ. ಕೆಳಗೆ ‘ಶ್ರಮದ ಘನತೆ’ ಎಂದು ಬರೆಸಿದೆ. ನೋಡಿದವರೆಲ್ಲ ಹೊಗಳಿದರು.

ಮೂರನೆಯ ವಾರ ಒಬ್ಬ ಹೆಂಗಸು ಸಣ್ಣ ಮಗನೊಡನೆ ಬಂದು ಆ ಫೋಟೋದ ಬೆಲೆ ಕೇಳಿದರು. ಮಾರುವುದಕ್ಕಲ್ಲ ಎಂದೆ. ಅವರು ಹೋಗಲಿಲ್ಲ. ಅಂಗಡಿಯಲ್ಲಿ ಬೇರೆಯವರು ಖಾಲಿಯಾಗುವವರೆಗೆ ಬೆಂಚಿನ ಮೇಲೆ ಕುಳಿತಿದ್ದು, ಆಮೇಲೆ ಮೆಲ್ಲಗೆ ಹೇಳಿದರು: ‘ಊರಿನಲ್ಲಿ ಇವರು ಮಂಡಿಯಲ್ಲಿ ರೈಟರು ಎಂದೇ ಗೊತ್ತಿರುವುದು. ಮಗಳನ್ನು ನೋಡಿಹೋದವರು ಈ ಬೀದಿಯಲ್ಲೇ ಓಡಾಡುತ್ತಾರೆ ಅಕ್ಕ.’ ನನ್ನನ್ನು ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ದುಡ್ಡು ತಂದಿದ್ದರು, ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು. ನಾನು ಚೌಕಟ್ಟಿನ ಸಮೇತ ಇಳಿಸಿ ಕೊಟ್ಟೆ. ಅವರು ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋದರು.

ಆ ಮನುಷ್ಯನ ಘನತೆ ಯಾವುದರಲ್ಲಿದೆ ಎಂದು ಅವನೇ ತೀರ್ಮಾನಿಸಿಕೊಂಡಿದ್ದ. ಅದು ಒಂದು ಪೆನ್ನು, ಒಂದು ಲೆಕ್ಕದ ಪುಸ್ತಕ. ನಾನು ಕೇಳದೆಯೇ ಬೇರೊಂದು ಘನತೆಯನ್ನು ಅವನ ಬೆನ್ನಿಗೆ ಹೊರಿಸಿದ್ದೆ.

ಹದಿನೈದು ಹದಿನಾರು ವರ್ಷಗಳ ಮೇಲೆ ಆ ಹುಡುಗ, ಈಗ ಗಡ್ಡ ಬಿಟ್ಟ ಗಂಡಸು, ಮತ್ತೆ ಬಂದ. ಅವನ ಅಪ್ಪ ತೀರಿಕೊಂಡಿದ್ದರು, ವೈಕುಂಠ ಸಮಾರಾಧನೆಗೆ ಫೋಟೋ ಬೇಕಾಗಿತ್ತು. ಅವರ ಮನೆಯ ಅಟ್ಟದ ಮೇಲಿದ್ದ ಆ ದೊಡ್ಡ ಪ್ರಿಂಟು ನೀರು ಸೋರಿ ಗಾಜಿಗೆ ಅಂಟಿಹೋಗಿತ್ತು. ನೆಗೆಟಿವ್ ಹುಡುಕಿದೆ. ಪಟ್ಟಿಯ ಆರು ಚಿತ್ರಗಳಲ್ಲಿ ನಾಲ್ಕಕ್ಕೆ ಬೂಸ್ಟು ಹಿಡಿದಿತ್ತು, ಉಳಿದೆರಡರಲ್ಲಿ ಚೀಲ ಮಾತ್ರ ಸ್ಪಷ್ಟವಾಗಿತ್ತು. ಕೊನೆಗೆ ಮತದಾರರ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಕೊಟ್ಟೆ. ಅದರಲ್ಲಿ ಯಾರೂ ತಮ್ಮ ಹಾಗೆ ಕಾಣುವುದಿಲ್ಲ ಎಂಬುದು ನಿಮಗೂ ಗೊತ್ತಿರುತ್ತದೆ.

ಅಂದಿನಿಂದ ಬೀದಿಯಲ್ಲಿ ತೆಗೆದ ಚಿತ್ರವನ್ನು ನಾನು ಕೈಗಡ ಎಂದು ಲೆಕ್ಕ ಹಾಕುತ್ತೇನೆ. ಪತ್ರವಿಲ್ಲ, ಬಡ್ಡಿಯಿಲ್ಲ, ಸಾಕ್ಷಿಯಿಲ್ಲ. ಆದರೆ ತಂದದ್ದು ತಂದದ್ದೇ. ಕೆಲವರದು ಒಂದು ನಗುವಿನಲ್ಲಿ ತೀರುತ್ತದೆ. ತೆಗೆದ ಮೇಲೆ ಪರದೆ ತೋರಿಸಿ, ಬೇಡ ಎಂದರೆ ಅವರೆದುರೇ ಅಳಿಸಿ. ಮಕ್ಕಳಾದರೆ ತಾಯಿಯನ್ನೋ ಜೊತೆಯಲ್ಲಿದ್ದವರನ್ನೋ ಮೊದಲು ಕೇಳಿ. ಹೆಂಗಸರ ವಿಷಯದಲ್ಲಿ ನನಗಿರುವ ಸಲುಗೆ ನಿಮಗಿಲ್ಲ ಎಂಬುದನ್ನು ಮರೆಯಬೇಡಿ. ನಾನು ಬುಟ್ಟಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಒಂದು ಮೊಳ ಹೂ ಕೊಂಡು ಮಾತಿಗಿಳಿಯಬಹುದು. ಚಹಾದ ಅಂಗಡಿಯ ಮುಂದೆ ನಿಂತರೆ ಮಾತ್ರ ಎಲ್ಲರೂ ನನ್ನನ್ನೇ ನೋಡುತ್ತಾರೆ. ನಿಮಗೆ ಇದು ತಿರುಗುಮುರುಗು. ತೆಗೆಯಲೇಬಾರದ ಜಾಗಗಳೂ ಇವೆ. ತುಂಗೆ ಭದ್ರೆಯರು ಕೂಡುವ ಕೂಡ್ಲಿಯಲ್ಲಿ ಬೆಳಗಿನ ಮಂಜಿನೊಳಗೆ ತಲೆ ಬೋಳಿಸಿಕೊಂಡು ನೀರಿಗಿಳಿದವರ ಚಿತ್ರ ಎಷ್ಟು ಸೊಗಸಾಗಿ ಬರುತ್ತದೆಂದು ನನಗೆ ಗೊತ್ತು. ತೆಗೆಯುವುದಿಲ್ಲ.

ತಾಳ್ಮೆಯ ಬಗ್ಗೆ ಕೇಳಿದ್ದೀರಿ. ತಾಳ್ಮೆ ಎಂದರೆ ಒಂದೇ ಕಡೆ ಬಹಳ ಹೊತ್ತು ನಿಲ್ಲುವುದು ಎಂದು ನಾನೂ ತಿಳಿದಿದ್ದೆ. ಕೊಕ್ಕರೆಯೂ ನಿಲ್ಲುತ್ತದೆ, ಮೀನಿಗಾಗಿ. ಕೆಲವು ವರ್ಷಗಳ ಹಿಂದೆ, ಮಳೆ ಹಿಡಿಯುವ ಮುಂಚಿನ ವಾರಗಳಲ್ಲಿ, ಪಾದಚಾರಿ ಮಾರ್ಗದ ಮೇಲೆ ಕುಳಿತು ಕೊಡೆ ರಿಪೇರಿ ಮಾಡುವವರೊಬ್ಬರ ಪಕ್ಕದಲ್ಲಿ ಒಂದು ವಾರ ಕುಳಿತೆ. ಮಲೆನಾಡಿನಲ್ಲಿ ಮೇ ಕೊನೆಗೆ ಅವರಷ್ಟು ಬೇಕಾದ ಮನುಷ್ಯ ಮತ್ತೊಬ್ಬನಿಲ್ಲ. ಮೊದಲ ಮೂರು ದಿನ ಕ್ಯಾಮೆರಾ ಮಡಿಲಲ್ಲೇ ಇತ್ತು. ನಾಲ್ಕನೆಯ ದಿನ ಅವರೇ ಕೇಳಿದರು: ‘ಯಾಕಮ್ಮ, ಕೆಟ್ಟಿದೆಯಾ? ಕೊಡಿ, ನೋಡೋಣ.’

ಆ ವಾರ ಕಂಡದ್ದನ್ನು ಬರೆದರೆ ಈ ಉತ್ತರ ಮುಗಿಯುವುದಿಲ್ಲ. ಗಂಡಸರು ಕೊಡೆ ಕೊಟ್ಟು, ಕಡ್ಡಿ ಹಾಕಿ ಮುಗಿಯುವವರೆಗೂ ಮೇಲೆ ನಿಂತು ಸಲಹೆ ಕೊಡುತ್ತಿದ್ದರು. ಹೆಂಗಸರು ‘ಮಾಡಿಟ್ಟಿರಿ’ ಎಂದು ಸಂತೆಗೆ ಹೋಗುತ್ತಿದ್ದರು. ಶಾಲೆಯ ಹುಡುಗಿಯೊಬ್ಬಳು ತಂದ ಕಪ್ಪು ಕೊಡೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಹೆಸರು ಅವಳದಲ್ಲ, ಅವಳ ಅಣ್ಣನದು. ಅದನ್ನು ಅಳಿಸಿ ತನ್ನ ಹೆಸರು ಬರೆಸಬೇಕೆಂದು ಅವಳ ಹಟ, ಬರೆಸಲು ಬೇಕಾದ ದುಡ್ಡು ಮಾತ್ರ ಇರಲಿಲ್ಲ. ಅವರ ಬೆನ್ನ ಹಿಂದೆ ಗೋಡೆಗೆ ಒರಗಿಸಿಟ್ಟ ಒಂದು ಕಟ್ಟು ಕೊಡೆಗಳಿದ್ದವು. ಹೋದ ವರ್ಷ ರಿಪೇರಿಗೆ ಕೊಟ್ಟವರು ವಾಪಸು ಬಂದಿರಲಿಲ್ಲ. ‘ಮಾರಬಾರದೇ?’ ಎಂದೆ. ‘ಬಂದರೆ?’ ಎಂದರು. ಪ್ರತಿ ವರ್ಷ ಆ ಕಟ್ಟನ್ನು ಮನೆಯಿಂದ ಹೊತ್ತು ತಂದು, ಸಂಜೆ ಹೊತ್ತುಕೊಂಡು ಹೋಗುತ್ತಾರೆ. ಆ ಗೋಡೆಯ ಪಕ್ಕದಲ್ಲೇ ನಾನು ಹತ್ತಾರು ಸಲ ಹಾದುಹೋಗಿದ್ದೆ, ಕೊಡೆಗಳ ಆ ಕಟ್ಟು ನನ್ನ ಯಾವ ಚಿತ್ರದಲ್ಲೂ ಇರಲಿಲ್ಲ.

ಹಾಗಾಗಿ ನಿಮಗೆ ನನ್ನ ಮೊದಲ ಸಲಹೆ: ಸುತ್ತಾಟ ನಿಲ್ಲಿಸಿ. ಒಂದು ಜಾಗ, ಒಂದು ಹೊತ್ತು, ಹತ್ತು ಭಾನುವಾರ. ಮಾರ್ಚ್ ಏಪ್ರಿಲ್ ಆದರೆ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಎಳೆಮಾವು, ಮಾರುವವರ ಎದುರು ನಿಲ್ಲಿ. ನೂರರ ಲೆಕ್ಕದಲ್ಲಿ ಎಣಿಸಿ ಕೊಡುವ ಕೈ, ತೊಟ್ಟು ಮುರಿದು ಸೊನೆಯ ಪರಿಮಳ ನೋಡುವಾಗ ಅರ್ಧ ಮುಚ್ಚುವ ಗಿರಾಕಿಯ ಕಣ್ಣು, ಒಪ್ಪಿಗೆಯಾಗದಿದ್ದರೆ ಮೂಗಿನ ತುದಿಯಲ್ಲಿ ಬರುವ ಸಣ್ಣ ಸುಕ್ಕು, ಇವು ಒಂದೇ ಭಾನುವಾರಕ್ಕೆ ಸಿಗುವಂಥವಲ್ಲ. ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗ ಊರಿನ ಕ್ಯಾಮೆರಾಗಳೆಲ್ಲ ಅಲ್ಲೇ ಇರುತ್ತವೆ. ನೀವು ಜಾತ್ರೆ ಮುಗಿದ ಮರುದಿನ ಹೋಗಿ, ಬಳೆ ಅಂಗಡಿಯವರು ಗಂಟು ಕಟ್ಟುವ ಹೊತ್ತಿಗೆ.

ಮಳೆಯ ಚಿತ್ರಗಳಲ್ಲಿ ಮಳೆಯೇ ಕಾಣುತ್ತಿಲ್ಲ ಎಂದು ಇನ್ನೊಂದು ಕಡೆ ಕೊರಗಿದ್ದೀರಿ. ಬಿಳಿ ಆಕಾಶದ ಎದುರು ಹನಿ ಕಾಣುವುದಿಲ್ಲ. ಹಿನ್ನೆಲೆ ಕಪ್ಪಾಗಿರಬೇಕು: ಕೊಡೆ, ಮರದ ಬೊಡ್ಡೆ, ಬಸ್ಸಿನ ನೆರಳು, ಅಂಗಡಿಯ ಒಳಗತ್ತಲು. ಬೆಳಕು ಮಳೆಯ ಹಿಂದಿನಿಂದಲೋ ಬದಿಯಿಂದಲೋ ಬರಬೇಕು. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಹೊತ್ತು, ಸೆಕೆಂಡಿನ 1/30 ಆದರೆ ಹನಿ ಗೆರೆಯಾಗುತ್ತದೆ. ನಡೆಯುವ ಮನುಷ್ಯ ಅಲುಗದೆ ಬರಬೇಕೆಂದರೆ 1/250 ಬೇಕು. ಎರಡೂ ಒಟ್ಟಿಗೆ ಬೇಕೆಂದರೆ ನಿಂತಿರುವ ಮನುಷ್ಯನನ್ನು ಹುಡುಕಿ. ಬಸ್ ನಿಲ್ದಾಣದಲ್ಲಿ ಅವರಿಗೇನು ಬರವಿಲ್ಲ. ಮಂಜು ಕವಿದಾಗ ಕ್ಯಾಮೆರಾ ಮೋಸಹೋಗಿ ಚಿತ್ರವನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಪರದೆಯ ಮೇಲೆ ಒತ್ತಿಹಿಡಿದು ಫೋಕಸ್ ಕಟ್ಟಿಹಾಕಿ, ಬೆಳಕನ್ನು ಒಂದು ಹಂತ ಏರಿಸಿ. ಕಪ್ಪು ಕೊಡೆಗಳ ಗುಂಪಿದ್ದರೆ ಅದಕ್ಕೆ ತದ್ವಿರುದ್ಧ, ಇಳಿಸಬೇಕು. ಎರಡು ಬೆರಳಿನಿಂದ ಹಿಗ್ಗಿಸಿ ದೂರದವರನ್ನು ಹತ್ತಿರ ತಂದುಕೊಳ್ಳುವುದನ್ನು ಬಿಟ್ಟುಬಿಡಿ. ಸಾಮಾನ್ಯ ಮೊಬೈಲುಗಳಲ್ಲಿ ಹಾಗೆ ಹಿಗ್ಗಿಸುವುದೆಂದರೆ ಬರೀ ಕತ್ತರಿಸುವುದು. ಮೇಲಾಗಿ ಅದು ಕದ್ದು ನೋಡಿದಂತೆ. ಲೆನ್ಸ್ ಒರೆಸಿಕೊಳ್ಳಿ. ಮೂರನೆಯ ಚಿತ್ರದ ದೀಪಗಳ ಸುತ್ತ ಇರುವ ‘ಕನಸಿನಂಥ ಪ್ರಭೆ’ ನಿಮ್ಮ ಬೆರಳಿಗಂಟಿದ್ದ ವಡೆಯ ಎಣ್ಣೆ ಎಂದು ನನ್ನ ಅನುಮಾನ.

ಮುಂದೆ ಕ್ಯಾಮೆರಾ ಕೊಂಡರೆ ನಮ್ಮ ಕಡೆಯ ಶೀತಕ್ಕೆ ಲೆನ್ಸಿನೊಳಗೆ ಫಂಗಸ್ ಬೆಳೆಯುತ್ತದೆ. ಚರ್ಮದ ಚೀಲದಲ್ಲಿಟ್ಟು ಬೀರುವಿನೊಳಗೆ ಮುಚ್ಚಿಡಬೇಡಿ. ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಹರಳಿನ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿಕೊಳ್ಳುವುದು, ಇಷ್ಟು ಸಾಕು. ನನ್ನ ನೆಗೆಟಿವ್‌ಗಳಿಗೂ ಇಷ್ಟು ಮಾಡಿದ್ದರೆ ಸಾಕಿತ್ತು.

ಇನ್ನೊಂದು ಮಾತು, ತೆಗೆದ ದಿನವೇ ಚಿತ್ರ ಆರಿಸಬೇಡಿ. ಅಮೆರಿಕದ ಗ್ಯಾರಿ ವಿನೋಗ್ರಾಂಡ್ ಫಿಲ್ಮ್ ರೋಲ್‌ಗಳನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾಗೇ ಬಿಟ್ಟು ಆಮೇಲೆ ಡೆವಲಪ್ ಮಾಡುತ್ತಿದ್ದರು. ತೆಗೆದ ಗಳಿಗೆಯ ಖುಷಿ ಆರಿದ ಮೇಲೆ ಚಿತ್ರವನ್ನು ಚಿತ್ರವಾಗಿ ನೋಡಬಹುದೆಂದು. ಇದೂ ಅತಿಯಾಯಿತು ಎನ್ನಿ. 1984ರಲ್ಲಿ ತೀರಿಕೊಂಡಾಗ ಡೆವಲಪ್ ಆಗದ ರೋಲ್‌ಗಳೇ ಸುಮಾರು 2,500 ಉಳಿದಿದ್ದವು. ನಿಮಗೆ ಒಂದು ಮಳೆಗಾಲ ಸಾಕು. ಜೂನಿನಲ್ಲಿ ತೆಗೆದದ್ದನ್ನು ದೀಪಾವಳಿಗೆ ನೋಡಿ. ನೀವು ಏಳನೆಯದನ್ನು ಹಾಳಾಯಿತು ಎಂದದ್ದು ಬಹುಶಃ ಅದನ್ನು ತೆಗೆದ ಸಂಜೆಯೇ ಇರಬೇಕು.

ಪಾಠ ಹುಡುಕುವವರು ಎದುರಿಗಿದ್ದದ್ದನ್ನು ಹೇಗೆ ತಪ್ಪಿಸಿಕೊಳ್ಳುತ್ತಾರೆಂಬುದಕ್ಕೆ ನನ್ನದೇ ಇನ್ನೊಂದು ಸಾಕ್ಷಿ ಇದೆ. ನೀವು ಸಾಗರದ ಕಡೆಯವರಾದ್ದರಿಂದ ಹೇಳುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡ ಮೇಲೆ ತುಮರಿ, ಸಿಗಂದೂರು ಕಡೆಯವರಿಗೆ ಹೊಳೆಬಾಗಿಲಿನ ಲಾಂಚೇ ದಾರಿಯಾಗಿತ್ತು. ಎಷ್ಟು ಸಲ ಅದರಲ್ಲಿ ದಾಟಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕ್ಯಾಮೆರಾ ನೀರಿನ ಕಡೆಗೆ: ಸೂರ್ಯಾಸ್ತ, ನೀರಿನ ಮೇಲಿನ ಚಿನ್ನದ ಗೆರೆ, ನಶ್ವರತೆ, ಇತ್ಯಾದಿ. 2025ರ ಜುಲೈಯಲ್ಲಿ ಆ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಆ ವಾರ ನನ್ನ ಹಳೆಯ ಪೆಟ್ಟಿಗೆ ತೆಗೆದೆ. ನಾಲ್ಕು ರೋಲ್ ಸೂರ್ಯಾಸ್ತ ಸಿಕ್ಕಿತು. ಬಸ್ಸನ್ನು ಹಿಮ್ಮುಖವಾಗಿ ಲಾಂಚಿಗೆ ಏರಿಸುವಾಗ ‘ಬರಲಿ, ಬರಲಿ’ ಎಂದು ಬದಿಯನ್ನು ತಟ್ಟುವ ಕೈ ಇಲ್ಲ. ಹೆರಿಗೆ ನೋವಿನ ಹೆಂಗಸನ್ನು ಕೂರಿಸಿಕೊಂಡ ಜೀಪಿಗೆ ಜನ ಜಾಗ ಬಿಟ್ಟ ಆ ಬೆಳಗ್ಗೆ ಇಲ್ಲ. ನಾನು ಅಲ್ಲೇ ಇದ್ದೆ, ಮಂಜು ತೆಗೆಯುತ್ತಿದ್ದೆ. ಹಲಸಿನ ಹಣ್ಣಿನ ಮೂಟೆಯ ಮೇಲೆ ಕುಳಿತು ನಿದ್ದೆಹೋದ ಅಜ್ಜ ಇಲ್ಲ. ನೀರು ಈಗಲೂ ಅಲ್ಲೇ ಇದೆ, ಸೂರ್ಯ ಈಗಲೂ ಮುಳುಗುತ್ತಾನೆ.

ನಿಮ್ಮ ಅಪ್ಪನ ಮಾತಿಗೆ ಬರುತ್ತೇನೆ. ಅವರು ಹೇಳಿದಂತೆ ಈ ಸಲ ಅಡಿಕೆ ಸುಲಿಯುವಲ್ಲಿಗೆ ಹೋಗಿ ಕುಳಿತುಕೊಳ್ಳಿ. ಮೆಟ್ಟುಗತ್ತಿಯ ಮುಂದೆ ಕುಳಿತ ಸುಲಿಯುವವರ ಕೈ ನೋಡದೆಯೇ ಕೆಲಸ ಮಾಡುತ್ತದೆ, ಬಾಯಿ ಊರಿನ ಸುದ್ದಿಯನ್ನೆಲ್ಲ ಸುಲಿಯುತ್ತಿರುತ್ತದೆ. ನಿಮಗೆ ಸುಲಿಯಲು ಬರಲಿಕ್ಕಿಲ್ಲ, ನಗುತ್ತಾರೆ, ನಗಲಿ. ಬೀದಿಯಲ್ಲಿ ಅಪರಿಚಿತರ ಎದುರು ನೀವು ಯಾವಾಗಲೂ ನೋಡುವವರು. ಅಲ್ಲಿ ನಿಮ್ಮನ್ನು ಬಲ್ಲವರು ನಿಮ್ಮನ್ನು ನೋಡುತ್ತಾರೆ. ನಾಲ್ಕು ಸಾವಿರ ಚಿತ್ರಗಳಲ್ಲಿ ನಿಮ್ಮ ಅಪ್ಪನದು ಎಷ್ಟಿವೆ? ಪತ್ರದಲ್ಲಿ ಅವರ ಮಾತು ಇದೆ, ಚಿತ್ರಗಳಲ್ಲಿ ಅವರಿಲ್ಲ, ಅದಕ್ಕೆ ಕೇಳಿದೆ.

ಕೊನೆಯದಾಗಿ ಏಳನೆಯ ಚಿತ್ರದ ಕೈಗಡ. ಎರಡು ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ, ಸ್ಟುಡಿಯೋ ಕಡೆ ಬಂದಾಗ ತೆಗೆದುಕೊಂಡು ಹೋಗಿ. ಹಿನ್ನೆಲೆಯ ಬಸ್ಸಿನ ಫಲಕದಲ್ಲಿ ‘ರಿಪ್ಪನ್‌ಪೇಟೆ’ ಎಂಬುದು ಅರ್ಧ ಓದಲು ಬರುತ್ತದೆ. ಅದೇ ಹೊತ್ತಿಗೆ ನಿಲ್ದಾಣಕ್ಕೆ ಹೋಗಿ ಆ ಬಸ್ಸಿನ ಕಂಡಕ್ಟರಿಗೆ ತೋರಿಸಿ. ಔಷಧಿ, ಪಂಪಿನ ಬಿಡಿಭಾಗ, ಮದುವೆಯ ಕರೆಯೋಲೆ, ಎಲ್ಲವನ್ನೂ ಯಾರು ಯಾವ ತಿರುವಿನಲ್ಲಿ ಇಳಿಸಿಕೊಳ್ಳುತ್ತಾರೆಂದು ಬಲ್ಲ ಜನ ಅವರು. ಕೊಡೆಯನ್ನು ಕಾಲರಿಗೆ ಸಿಕ್ಕಿಸಿಕೊಳ್ಳುವ ಈ ಮನುಷ್ಯ ಗೊತ್ತಿಲ್ಲದೆ ಇರಲಾರ. ಅವನು ಬೇಡ ಎಂದರೆ ನಿಮ್ಮ ಮೊಬೈಲಿನಿಂದ ಅಳಿಸಿಬಿಡಿ, ನನ್ನ ಬಳಿ ಇರುವುದನ್ನೂ ಅಳಿಸುತ್ತೇನೆ. ಬೇಕೆಂದರೆ ಒಂದು ಪ್ರಿಂಟ್ ಅವನಿಗೆ, ಒಂದು ನಿಮಗೆ. ಹಿಂಬದಿಯಲ್ಲಿ ದಿನಾಂಕ ಪೆನ್ಸಿಲಿನಲ್ಲಿ ಬರೆಯಿರಿ. ಜೆಲ್ ಪೆನ್ನು ಬೇಡ. ಮಳೆಗಾಲದಲ್ಲಿ ಅದರ ಶಾಯಿ ಕೆಳಗಿನ ಫೋಟೋದ ಮುಖಕ್ಕೆ ಅಂಟಿಕೊಳ್ಳುತ್ತದೆ.